ಹೊಗೆಯ ಜ್ವರ ನೋಡಿದ ದಿನ

ಆ ಭಾನುವಾರವೂ ಎಂದಿನಂತೆ ಐದೂವರೆಗೆ ಎದ್ದೆ. ಹೊಸ್ತಿಲಿಗೆ ನೀರು ಹಾಕಿ, ಗೇಟಿನ ಕೊಕ್ಕೆಗೆ ನೇತುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತಂದು, ಅತ್ತೆಗೆ ಜೀರಿಗೆ ಕಷಾಯ, ನಮ್ಮವರಿಗೆ ಚಹಾ ಮಾಡಿದೆ. ನನ್ನ ಪಾಲಿಗೆ ಕಷಾಯವೋ ಚಹಾವೋ ಎನ್ನುವುದು ಆಮೇಲೆ ಉಳಿದ ಹಾಲನ್ನು ನೋಡಿ ತೀರ್ಮಾನವಾಗುತ್ತದೆ. ಏಪ್ರಿಲ್ ತಿಂಗಳ ಹೊನ್ನಾವರ. ಆರು ಗಂಟೆಗೇ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ದೋಸೆ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳವನ್ನು ಒಂದು ಬದಿಗೆ ಎತ್ತಿತ್ತು. ಕಾವಲಿಗೆ ಎಣ್ಣೆ ಸವರಿ ಮೊದಲ ದೋಸೆ ಎರೆಯುವ ಹೊತ್ತಿಗೆ ನಮ್ಮವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಈಗ ಈ ಕಾವಲಿ ಎಷ್ಟು ಡಿಗ್ರಿ ಇರ್ಬಹುದು, ಹೇಳು ನೋಡ್ವಾ?"

"ದೋಸೆ ಏಳುವಷ್ಟು," ಎಂದೆ.

ಅವರಿಗೆ ಉತ್ತರ ಸಾಲಲಿಲ್ಲ. ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ದಿನವೂ ಬಸ್ಸಿನಲ್ಲಿ ಭಟ್ಕಳದ ಕಡೆ ಹೋಗಿ ಬರುತ್ತಾರೆ. ಅಳೆಯಲು ಬರುವ ಯಾವುದನ್ನೂ ಅಳೆಯದೆ ಬಿಟ್ಟವರಲ್ಲ. ತಾರಸಿಯ ಮೇಲೆ ಮಳೆಮಾಪಕ ಇದೆ, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಒಂದು ಥರ್ಮಾಮೀಟರ್ ಮಲಗಿದೆ, ಅತ್ತೆಯ ರಕ್ತದೊತ್ತಡಕ್ಕೆ ಒಂದು ಯಂತ್ರ, ಅದು ಸರಿ ಹೇಳುತ್ತದೋ ಇಲ್ಲವೋ ನೋಡಲು ಇನ್ನೊಂದು ಯಂತ್ರ. ಮನೆಯಲ್ಲಿ ಅಳತೆಯಿಲ್ಲದೆ ಉಳಿದಿರುವುದು ಗ್ಯಾಸ್ ಸಿಲಿಂಡರ್ ಒಂದೇ. ಅದು ಮುಗಿಯುತ್ತ ಬಂದದ್ದನ್ನು ಜ್ವಾಲೆಯ ತುದಿಯ ಬಣ್ಣದಲ್ಲಿ ಕಂಡುಕೊಳ್ಳುವ ಕೆಲಸ ನನ್ನದು.

ಈ ಸಲ ಅವರ ಕಣ್ಣು ಬಿದ್ದದ್ದು ನಮ್ಮ ಅಂಗಳದಲ್ಲಿ ನಿಂತಿದ್ದ ಹಳೆಯ ಡೀಸೆಲ್ ಜೀಪಿನ ಹೊಗೆಯ ಮೇಲೆ. ಅದರ ಶಾಖ ಎಷ್ಟು ಎಂದು ತಿಳಿಯದೆ ಅವರಿಗೆ ತಿಂಗಳಿಂದ ಸಮಾಧಾನವಿರಲಿಲ್ಲ. ಮೊಬೈಲಿನಲ್ಲಿ ಯಾವ ದೇಶದವರೋ ಮರಳುಗಾಡಿನಲ್ಲಿ ಟ್ರಕ್ಕಿಗೆ ಮೀಟರ್ ಕೂರಿಸುವ ವಿಡಿಯೊ ನೋಡಿ, ಒಂದು ಸಾಮಾನು ತರಿಸಿದ್ದರು: ಬೆರಳುದ್ದದ ಉಕ್ಕಿನ ಕಡ್ಡಿ, ಅದರ ಹಿಂದೆ ಜಡೆಯಂತೆ ಹೆಣೆದ ವಯರು, ಜೊತೆಗೆ ಪೌಡರ್ ಡಬ್ಬಿಯ ಮುಚ್ಚಳದಷ್ಟು ಅಗಲದ ಗುಂಡನೆಯ ಮೀಟರು. ಕಡ್ಡಿಯನ್ನು ಇಂಜಿನ್ನಿನ ಹೊಗೆ ಹೊರಬರುವ ದಾರಿಯಲ್ಲಿ ಚುಚ್ಚಬೇಕು. ಹೊಗೆ ಎಷ್ಟು ಬಿಸಿ ಎಂದು ಮೀಟರು ಹೇಳುತ್ತದೆ.

"ಹೊಗೆ ಹೊರಗೆ ಹೋಗುವಾಗ ಒಂದು ಸಣ್ಣ ಚಕ್ರ ತಿರುಗಿಸ್ತದೆ. ಅದೇ ಟರ್ಬೊ. ಅದೇ ಸರಳಿನ ಮೇಲೆ ಇನ್ನೊಂದು ಚಕ್ರ, ಅದು ಇಂಜಿನ್ನಿಗೆ ಗಾಳಿ ತುಂಬ್ತದೆ. ಘಟ್ಟ ಹತ್ತುವಾಗ ಹೊಗೆ ಅತಿ ಬಿಸಿಯಾದ್ರೆ ಚಕ್ರವೂ ಹೋತು, ಇಂಜಿನ್ನೂ ಹೋತು. ಮೊದಲೇ ಗೊತ್ತಾದ್ರೆ ಕಾಲು ಸಡಿಲ ಬಿಡ್ಬಹುದು," ಎಂದು ಊಟದ ತಟ್ಟೆಯ ಮೇಲೆ ಸೌತೆಕಾಯಿ ಹೋಳುಗಳನ್ನಿಟ್ಟು ವಿವರಿಸಿದ್ದರು. ನಮ್ಮ ಜೀಪು ವರ್ಷಕ್ಕೆರಡು ಸಲ ಘಟ್ಟ ಹತ್ತುತ್ತದೆ, ಅದೂ ನಾವು ಮೂವರು ಮತ್ತು ಹತ್ತು ತೆಂಗಿನಕಾಯಿ. ಉಳಿದ ದಿನ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿರುತ್ತದೆ. ನಾನು ವಾರಕ್ಕೊಮ್ಮೆ ಕುಮಟೆಯ ಅಕ್ಕನ ಮನೆಗೆಂದು ಅದರ ಪಕ್ಕದಲ್ಲೇ ನಡೆದು ಹೋಗಿ ಬಸ್ಸು ಹಿಡಿಯುತ್ತೇನೆ.

ಇಲ್ಲೇ ನನ್ನ ಸಂಕಟ ಹೇಳಬೇಕು. ನನಗೆ ಡ್ರೈವಿಂಗ್ ಲೈಸನ್ಸ್ ಬಂದು ಎರಡು ವರ್ಷವಾಗಿತ್ತು. ನಲವತ್ತೆಂಟನೆಯ ವಯಸ್ಸಿಗೆ, ಹದಿನೆಂಟರ ಮಕ್ಕಳ ಸಾಲಿನಲ್ಲಿ ನಿಂತು, ಇಂಗ್ಲಿಷಿನ ಎಂಟರಂತೆ ಗಾಡಿ ತಿರುಗಿಸಿ ಪಡೆದದ್ದು. ಕಾರ್ಡಿನ ಫೋಟೊದಲ್ಲಿ ಹೆದರಿದ ಕೋಳಿಯಂತೆ ಕಾಣುತ್ತೇನೆ, ಆದರೂ ಪರ್ಸಿನಲ್ಲಿ ದೇವರ ಚಿತ್ರದ ಮುಂದೆ ಅದನ್ನೇ ಇಟ್ಟುಕೊಂಡಿದ್ದೆ. ಎರಡು ವರ್ಷದಲ್ಲಿ ನಾನು ಜೀಪು ಬಿಟ್ಟದ್ದು ನಮ್ಮ ಗೇಟಿನಿಂದ ಕೆರೆಯ ತಿರುವಿನವರೆಗೆ, ಅದೂ ನಮ್ಮವರು ಪಕ್ಕದಲ್ಲಿ ಕೂತು ಬಾಗಿಲ ಮೇಲಿನ ಹಿಡಿಕೆಗೆ ಜೋತುಬಿದ್ದು. ಮೊದಲು ಕ್ಲಚ್ಚು ಗಟ್ಟಿ ಎಂದರು. ಕ್ಲಚ್ಚು ಹಗುರವಾದ ಮೇಲೆ ಮಳೆಗಾಲ. ಮಳೆ ಹೋದ ಮೇಲೆ ಹೆದ್ದಾರಿಯಲ್ಲಿ ಲಾರಿ ಹೆಚ್ಚು. ಲಾರಿಗಳನ್ನು ಕಡಿಮೆ ಮಾಡುವುದು ನನ್ನ ಕೈಯಲ್ಲಿಲ್ಲವಲ್ಲ ಎಂದು ಒಂದು ದಿನ ಮೆಲ್ಲಗೆ ಕೇಳಿದಾಗ, ಟರ್ಬೊ ಸೀಟಿ ಹಾಕುತ್ತದೆ, ಈ ಸ್ಥಿತಿಯಲ್ಲಿ ಹೊಸಬರ ಕೈಗೆ ಕೊಡುವುದು ಸರಿಯಲ್ಲ ಎಂದರು. ಕೊನೆಗೆ ಯುಗಾದಿಯ ದಿನ, ಬೇವುಬೆಲ್ಲ ಬಾಯಲ್ಲಿಟ್ಟುಕೊಂಡು, ಅತ್ತೆಯ ಎದುರೇ ಮಾತು ಕೊಟ್ಟರು:

"ಟರ್ಬೊ ಸರ್ವಿಸ್ ಆಗ್ಲಿ, ಮೀಟರ್ ಕೂರ್ಲಿ. ಮಾರನೇ ದಿನದಿಂದ ನೀನೇ ಕುಮಟೆಗೆ ಬಿಟ್ಕಂಡು ಹೋಗು, ಆತಾ?"

"ಆತು," ಎಂದೆ. ಹಾಗಾಗಿ ಆ ಭಾನುವಾರ ಟರ್ಬೊ ಸರಿಯಾಗಿ ಕೂರುವುದು ಅವರಿಗಿಂತ ನನಗೆ ಹೆಚ್ಚು ಬೇಕಾಗಿತ್ತು. ಅದು ಕೆಟ್ಟರೆ ಕೆಡುವುದು ಜೀಪು ಮಾತ್ರವಲ್ಲ. ಇನ್ನೊಂದು ಯುಗಾದಿಯವರೆಗೆ ನಾನು ಬಸ್ಸಿನ ಕಂಬಿ ಹಿಡಿದು ನಿಲ್ಲಬೇಕು.

ಮೆಕ್ಯಾನಿಕ್ ಭಟ್ಕಳದಿಂದ ಬೈಕಿನಲ್ಲಿ ಏಳೂವರೆಗೆ ಬಂದರು. ಗಲ್ಫಿನಲ್ಲಿ ಹದಿನೈದು ವರ್ಷ ದೊಡ್ಡ ದೊಡ್ಡ ಜನರೇಟರುಗಳ ಹೊಟ್ಟೆ ಬಗೆದವರು. ಮನೆಯಲ್ಲಿ ನವಾಯತಿ, ನಮ್ಮೊಡನೆ ಕನ್ನಡ, ಬೋಲ್ಟು ಬಿಚ್ಚುವಾಗ ಕೈಯಿಂದ ಜಾರುವ ಪಾನಾಕ್ಕೆ ಬೈಯಲು ಮಾತ್ರ ಉರ್ದು. ಎರಡು ದೋಸೆ ತಿಂದು, ಮೂರನೆಯದಕ್ಕೆ ಕೈ ಅಡ್ಡ ಹಿಡಿದು, ಬಾನೆಟ್ ಎತ್ತಿದರು. ಬಿಚ್ಚಿದ ಸಾಮಾನಿಡಲು ನಮ್ಮವರು ಒಂದು ಹಳೆಯ ಬೆಡ್‌ಶೀಟ್ ತಂದು ಹಾಸಿದರು. ಹಳೆಯದು ಎಂದು ಅವರು ತಿಳಿದದ್ದು. ಅದರ ನಾಲ್ಕು ಮೂಲೆಗಳ ಕಸೂತಿ ನಾನು ಶಾಲೆಯಲ್ಲಿದ್ದಾಗ ಹಾಕಿದ್ದು. ನೇರಳೆ ಹೂವಿನ ಮೇಲೆ ಕರಿ ಬೋಲ್ಟು ಬಂದು ಕೂತ ಮೇಲೆ ನಾನು ಆ ಕಡೆ ನೋಡಲಿಲ್ಲ.

ಮೊದಲ ಪ್ರಶ್ನೆಗೇ ನಮ್ಮವರು ಸಿಕ್ಕಿಬಿದ್ದರು.

"ಇಂಜಿನ್ ಎಣ್ಣೆ ಯಾವಾಗ ಬದ್ಲಿಸಿದ್ದು ಸರ್?"

ನಮ್ಮವರು ಜೀಪಿನ ದಿನಚರಿ ತಂದರು. ಅದರಲ್ಲಿ ಪ್ರತಿ ಪ್ರಯಾಣದ ಕಿಲೋಮೀಟರು, ಹೊರಗಿನ ಹವೆ, ಟೈರಿನ ಗಾಳಿ, ಎಲ್ಲವೂ ಕೆಂಪು ನೀಲಿ ಶಾಯಿಯಲ್ಲಿತ್ತು. ಎಣ್ಣೆಯದ್ದೊಂದು ಇರಲಿಲ್ಲ. ಮೆಕ್ಯಾನಿಕ್ ಅಳತೆಕಡ್ಡಿಯ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ, ನಮ್ಮವರ ಮೂಗಿನ ಮುಂದೆ ಹಿಡಿದರು. "ಇದು ಎಣ್ಣೆ ಅಲ್ಲ ಸರ್, ಡಾಂಬರು. ಬರೆಯುವ ಟೈಮಲ್ಲಿ ಒಂದ್ಸಲ ಬದ್ಲಿಸಿದ್ರೆ ಸೀಟಿ ಬರ್ತಿರ್ಲಿಲ್ಲ."

ಜಗಲಿಯ ಕುರ್ಚಿಯಲ್ಲಿ ಬೆಳಿಗ್ಗೆಯಿಂದ ಕಾವಲು ಕೂತಿದ್ದ ಅತ್ತೆ ಮಗನ ಕಡೆ ತಿರುಗಿ, "ನಾನು ಹೇಳ್ತಿರ್ಲಿಲ್ಲನಾ ತಮಾ, ಆ ಪುಸ್ತಕ ಎಂತಕ್ಕೆ ಅಂತ," ಎಂದರು. ಅವರು ಹಾಗೆ ಯಾವತ್ತೂ ಹೇಳಿದವರಲ್ಲ.

ಟರ್ಬೊ ಹೊರಬಂದಾಗ ಎರಡು ಬಸವನಹುಳುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಂತಿತ್ತು. ಮೆಕ್ಯಾನಿಕ್ ಅದರ ಸರಳನ್ನು ಉಗುರಿನಿಂದ ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು ತಿರುಗಿಸಿ, "ಜೀವ ಅದೆ" ಎಂದರು. ಒಂದು ಬದಿಯ ಚಕ್ರದಲ್ಲಿ ಮಸಿ, ಇನ್ನೊಂದರಲ್ಲಿ ಎಣ್ಣೆಯ ಜಿಡ್ಡು. ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಎಲೆ ಎಲೆಯನ್ನೂ ತಿಕ್ಕಿದರು. ಬ್ರಷ್ಷು ಯಾರದ್ದೆಂದು ಕೇಳಿದೆ. ನಮ್ಮವರು, "ಹೊಸದು ತರ್ವಾ ಬಿಡು" ಎಂದದ್ದರಿಂದ ಗೊತ್ತಾಯಿತು.

ಆ ಮನುಷ್ಯನ ಕೆಲಸದಲ್ಲಿ ನನಗೆ ಹಿಡಿಸಿದ್ದು ಒಂದು ಅಭ್ಯಾಸ. ಬಿಚ್ಚಿದ ಪ್ರತಿ ತೂತಿಗೂ ಆಗಲೇ ಒಂದು ಬಟ್ಟೆಚೂರು ತುರುಕುತ್ತಿದ್ದರು. "ಮನುಷ್ಯನಿಗೆ ಬಾಯಿ ಒಂದೇ ಅಕ್ಕ. ಟರ್ಬೊಗೆ ಆರು. ಒಂದು ಇರುವೆ ಹೋದ್ರೂ ಕಥೆ ಮುಗೀತು," ಎಂದರು. ನಾನು ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವವಳು. ನನಗೆ ಬೇರೆ ವಿವರಣೆ ಬೇಕಿರಲಿಲ್ಲ.

ಕಡ್ಡಿ ಚುಚ್ಚಬೇಕಾದದ್ದು ಇಂಜಿನ್ನಿನ ನಾಲ್ಕೂ ಬಾಯಿಯ ಹೊಗೆ ಬಂದು ಒಂದಾಗುವ ಎರಕದ ಕೊಳವೆಗೆ. ಅದನ್ನೂ ಬಿಚ್ಚಿ ಜಗಲಿಯ ಮೆಟ್ಟಿಲ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಡ್ರಿಲ್ಲಿನ ತುದಿಗೆ ಗ್ರೀಸು ಮೆತ್ತಿದರು. ಕೊರೆದ ಪುಡಿ ಗ್ರೀಸಿಗೇ ಅಂಟಿ ಹೊರಬರಲಿ, ಒಳಗೆ ಉಳಿಯದಿರಲಿ ಎಂದು. ನಮ್ಮವರಿಗೆ ತಾವೇ ಕೊರೆಯುವ ಆಸೆ. ಅಂಗಿಯ ತೋಳು ಮಡಚಿ ಮುಂದೆ ಬಂದರು. ಮೆಕ್ಯಾನಿಕ್ ಬಹಳ ಗೌರವದಿಂದ ಅವರ ಕೈಗೆ ಟಾರ್ಚು ಕೊಟ್ಟು, "ಸರ್, ಬೆಳಕು ಹಿಡೀರಿ" ಎಂದರು. ಬೆಳಗಿನ ಹನ್ನೊಂದರ ಬಿಸಿಲಿನಲ್ಲಿ ನನ್ನ ಗಂಡ ಟಾರ್ಚು ಹಿಡಿದು ನಿಂತರು. ಒಂದು ಕೈಯಲ್ಲಿ ಬೆಳಕು, ಇನ್ನೊಂದರಲ್ಲಿ ಮೊಬೈಲು. ಪ್ರತಿ ಬೋಲ್ಟಿನ ಫೋಟೊ ಮಾಸ್ತರರ ಗುಂಪಿಗೆ ಹೋಗುತ್ತಿತ್ತು. ಅಲ್ಲಿಂದ ಹೆಬ್ಬೆರಳುಗಳು ಬರುತ್ತಿದ್ದವು.

ಒಂದು ಗಂಟೆಗೆ ಕೊಳವೆಯೂ ಟರ್ಬೊವೂ ಮರಳಿ ತಮ್ಮ ಜಾಗದಲ್ಲಿ ಕೂತವು. ಕಡ್ಡಿ ತನ್ನ ತೂತಿನಲ್ಲಿ ಬಿಗಿಯಾಯಿತು, ಅದರ ವಯರು ಒಳಗೆ ಸ್ಟೇರಿಂಗಿನ ಪಕ್ಕ ಕೂರಿಸಿದ ಮೀಟರಿಗೆ ಸೇರಿತು. ಇಂಜಿನ್ನಿಗೆ ಹೊಸ ಎಣ್ಣೆ ತುಂಬಿ, ಟರ್ಬೊದ ನೆತ್ತಿಯ ಸಣ್ಣ ತೂತಿಗೂ ಕೂಸಿಗೆ ಒಳಲೆಯಲ್ಲಿ ಹಾಲು ಹಾಕಿದಂತೆ ತೊಟ್ಟು ತೊಟ್ಟಾಗಿ ಎಣ್ಣೆ ಕುಡಿಸಿದರು. ಇನ್ನು ಆ ತೂತಿಗೆ ಎಣ್ಣೆಯ ಪೈಪು ಜೋಡಿಸುವುದು ಬಾಕಿ. ಅದಕ್ಕೆ ಬೇಕಾದ ತಾಮ್ರದ ವಾಷರು ಮಾತ್ರ ಅಳತೆಗೆ ಹೊಂದಲಿಲ್ಲ. ಪೇಟೆಯಿಂದ ವಾಷರು ತಂದು, ಹಾಗೇ ನಮಾಜು, ಊಟ ಮುಗಿಸಿ ಬರುತ್ತೇನೆಂದು ತೂತಿಗೆ ಬಟ್ಟೆ ತುರುಕಿ ಮೆಕ್ಯಾನಿಕ್ ಹೊರಟರು. ಗೇಟಿನ ಹತ್ತಿರ ತಿರುಗಿ ನಿಂತು, "ಯಾರೂ ಎಂತದೂ ಮುಟ್ಬೇಡಿ" ಎಂದರು. ಹೇಳಿದ್ದು ಎಲ್ಲರಿಗೆ, ನೋಡಿದ್ದು ನಮ್ಮವರನ್ನು.

ಬೈಕಿನ ಸದ್ದು ಮರೆಯಾಗುವುದನ್ನೇ ಅತ್ತೆ ಕಾದಿದ್ದರು.

"ತಮಾ, ಹೊಸ ಸಾಮಾನು ಕೂರ್ಸಿದ್ರಿ. ಎದೆಗೆ ತೂತು ಹೊಡೆದು ಕಡ್ಡಿ ಚುಚ್ಚಿದ್ರಿ. ಒಂದು ಹೂವಿಲ್ಲ, ಒಂದು ಅಕ್ಷತೆ ಕಾಳಿಲ್ಲ. ಇದೆಂತ ಆಸ್ಪತ್ರೆನಾ?"

ಶಾಲೆಯಲ್ಲಿ ನಮ್ಮವರು ಮೂಢನಂಬಿಕೆಯ ವಿರುದ್ಧ ಮಾಡುವ ಭಾಷಣ ಬಹಳ ಪ್ರಸಿದ್ಧ. ನಾನು ಅವರ ಮುಖ ನೋಡಿದೆ. ಅವರು ಅಂಗಿ ಕಳಚಿ ಕಾಲು ತೊಳೆಯಲು ಬಾವಿಕಟ್ಟೆಗೆ ಹೋದರು.

ಇಡಗುಂಜಿ ದೇವಸ್ಥಾನದಿಂದ ತಂದ ಮಂತ್ರಾಕ್ಷತೆಯನ್ನು ಅತ್ತೆ ಒಂದು ಹಳೆಯ ವಿಭೂತಿ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಅದು ಬಂತು. ಬ್ಯಾಟರಿಯ ಸಂದಿಗೆ ಊದುಬತ್ತಿ ಸಿಕ್ಕಿಸಿದರು, ಗಾಳಿ ಫಿಲ್ಟರಿನ ಡಬ್ಬಿಯ ಮೇಲೆ ಕೆಂಪು ದಾಸವಾಳ. ಮೀಟರಿನ ಗಾಜಿಗೆ ಕುಂಕುಮ ಹಚ್ಚಲು ಹೋದಾಗ ನಮ್ಮವರು, ಅಂಕಿ ಕಾಣಬೇಕಲ್ಲ ಎಂದು ಅಂಚಿಗೆ ಹಚ್ಚಿಸಿದರು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಆಗ ಅತ್ತೆಯ ಕಣ್ಣು ಆ ಬಟ್ಟೆಚೂರಿನ ಮೇಲೆ ಬಿತ್ತು.

"ಅದೆಂತ ಚಿಂದಿ? ತೆಗಿ. ಚಿಂದಿ ಮೇಲೆ ಅಕ್ಷತೆ ಹಾಕಿದ್ರೆ ಪೂಜೆ ಚಿಂದಿಗಾತು, ಇಂಜಿನ್ನಿಗೆ ಎಂತ ಸಿಕ್ತು?"

ತರ್ಕದಲ್ಲಿ ತಪ್ಪಿರಲಿಲ್ಲ. ನಮ್ಮವರು ಬಟ್ಟೆ ಎಳೆದು ತೆಗೆದರು. ನಾನು "ಹೋಯ್, ಅವರು ಮುಟ್ಬೇಡಿ ಅಂದಿದ್ರು" ಎಂದೆ. "ಒಂದು ಸೆಕೆಂಡು ಮಾರಾಯ್ತಿ," ಎಂದರು. ಅತ್ತೆ ಮೂರು ಸಲ ಅಕ್ಷತೆ ಹಾಕಿದರು. ಮೊದಲೆರಡು ಸಲದ್ದು ಅಲ್ಲಿ ಇಲ್ಲಿ ಬಿತ್ತು. ಮೂರನೆಯ ಸಲ ಕೈ ಸ್ವಲ್ಪ ಧಾರಾಳವಾಯಿತು. ಹಳದಿ ಕಾಳುಗಳು ಬಸವನಹುಳುವಿನ ಬೆನ್ನ ಮೇಲೆ ಜಾರಿ, ಎಣ್ಣೆಯಿಂದ ಹೊಳೆಯುತ್ತಿದ್ದ ಆ ತೂತಿನ ಅಂಚಿಗೆ ಬಂದು, ಒಂದು ಕ್ಷಣ ನಿಂತು, ಒಳಗೆ ಹೋದವು. ಒಂದು ಖಂಡಿತ. ಇನ್ನೊಂದೂ ಹೋದಂತೆ ಕಂಡಿತು.

"ಕಾಳು ಒಳಗೆ ಹೋಯ್ತು."

"ಹೋಗಿರುದಿಲ್ಲ," ಎಂದರು ನಮ್ಮವರು, ಬಟ್ಟೆಯನ್ನು ಮೊದಲಿನಂತೆಯೇ ತುರುಕುತ್ತ.

"ನಾನು ನೋಡಿದೆ."

"ನಿಂಗೆ ಟರ್ಬೊ ಎಂತ ಗೊತ್ತದೆ?"

"ಟರ್ಬೊ ಗೊತ್ತಿಲ್ಲ. ಅಕ್ಕಿ ಗೊತ್ತದೆ."

ಅತ್ತೆ ಕಣ್ಣುಮುಚ್ಚಿ ಕೈಮುಗಿದಿದ್ದರು. ನಮ್ಮವರು ಊದುಬತ್ತಿ ಆರಿಸಿ, ದಾಸವಾಳ ಎತ್ತಿ, ಹೊರಗೆ ಬಿದ್ದ ಕಾಳುಗಳನ್ನು ಬಾಯಲ್ಲಿ ಊದಿ, ಮೀಟರಿನಂಚಿನ ಕುಂಕುಮವೊಂದನ್ನು ಮರೆತು ಸಾಕ್ಷ್ಯವನ್ನೆಲ್ಲ ಶುದ್ಧ ಮಾಡಿದರು. ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುವವರಿಗೆ, ಮೆಕ್ಯಾನಿಕ್ ಬಂದು ಪೂಜೆಯ ಗುರುತು ನೋಡಿದರೆ ನಾಚಿಕೆ. ನನಗೆ ಹೇಳಿದ್ದು ಇಷ್ಟೇ: "ಅವ್ರಿಗೆ ಎಂತ ಹೇಳುದು ಬೇಡ. ಸುಮ್ನೆ ತಲೆಬಿಸಿ."

ನಾನು ಕಲಿತದ್ದು ಸಿಸ್ಟರುಗಳ ಶಾಲೆಯಲ್ಲಿ. ಮಾತಾಡುವ ಮೊದಲು ಬಲಗೈ ಎತ್ತಬೇಕು, ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದು, ದನಿ ಪಕ್ಕದ ಬೆಂಚಿಗೆ ಕೇಳಬಾರದು. ಹತ್ತು ವರ್ಷ ಇದನ್ನು ಎಷ್ಟು ಚೆನ್ನಾಗಿ ಕಲಿಸಿದರೆಂದರೆ, ಆ ಮೇಲಿನ ಮೂವತ್ತು ವರ್ಷದಲ್ಲಿ ಗಂಡಸರಿಬ್ಬರು ಮಾತಾಡುವಲ್ಲಿ ನನ್ನ ದನಿ ಯಾವ ಬೆಂಚಿಗೂ ಕೇಳಿಲ್ಲ. ಎರಡೂವರೆಗೆ ಮೆಕ್ಯಾನಿಕ್ ವಾಷರಿನ ಪೊಟ್ಟಣ ಹಿಡಿದು ಬಂದಾಗ ನಾನು ಜಗಲಿಯ ತುದಿಯಲ್ಲಿ ನಿಂತು, ನಿಜವಾಗಿಯೂ, ಬಲಗೈಯನ್ನು ಭುಜದವರೆಗೆ ಎತ್ತಿದ್ದೆ.

"ಅದು... ಆ ತೂತು..." ಎಂದೆ.

ನಮ್ಮವರು ನಡುವೆ ಬಂದು ವಾಷರಿನ ದಪ್ಪದ ಬಗ್ಗೆ ಕೇಳಿದರು. ಅದರ ಉತ್ತರ ಮುಗಿಯುವಷ್ಟರಲ್ಲಿ ಬಟ್ಟೆ ಹೊರಗೆ, ಪೈಪು ಮೇಲೆ. ಪಾನಾ ತಿರುಗತೊಡಗಿತು. ಇನ್ನೊಮ್ಮೆ ಕೈ ಎತ್ತಿದೆ. ಮೆಕ್ಯಾನಿಕ್ ನೋಡಿ ನಕ್ಕು, "ಹೌದಕ್ಕ, ಒಂದು ಚಹಾ ಆದ್ರೆ ಒಳ್ಳೇದೇ" ಎಂದರು. ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟೆ. ಅದನ್ನು ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಅವರ ಮೇಲಲ್ಲ, ಸಕ್ಕರೆ ಸಾಕಾ ಎಂದೂ ಕೇಳಿದ ನನ್ನ ಮೇಲೆ.

ಚಹಾ ಕುಡಿದ ಮೇಲೆ ಕೀಲಿ ತಿರುಗಿಸುವವರು ಬೇಕಾಯಿತು. ಮೆಕ್ಯಾನಿಕ್ ಇಂಜಿನ್ನಿನ ಮೇಲೆ ಬಗ್ಗಿ ಎಣ್ಣೆ ಸೋರುತ್ತದೋ ನೋಡಬೇಕು. ನಮ್ಮವರು ಮೀಟರಿನ ಮೊದಲ ಅಂಕಿಯ ವಿಡಿಯೊ ಮಾಡಬೇಕು. ಇಂಥ ಹೊತ್ತಿಗೆ ಹೆಂಡತಿಯರಿಗೆ ಡ್ರೈವರ್ ಸೀಟು ಧಾರಾಳವಾಗಿ ಸಿಗುತ್ತದೆ. ಕೂತೆ. ಕಾಲು ಮಡಚಿ, ಸೀರೆ ಸರಿಮಾಡಿ, ಕೀಲಿಯ ಮೇಲೆ ಬೆರಳಿಟ್ಟೆ.

"ಸ್ಟಾರ್ಟ್ ಮಾಡಿ ಅಕ್ಕ," ಬಾನೆಟ್ಟಿನ ಹಿಂದಿನಿಂದ ದನಿ ಬಂತು.

ನಾನು ಕೀಲಿಯನ್ನು ಹೊರಗೆಳೆದು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಇಲ್ಲ," ಎಂದೆ.

"ಎಂತ ಇಲ್ಲ?" ಎಂದರು ನಮ್ಮವರು, ಮೊಬೈಲಿನಿಂದ ಕಣ್ಣು ತೆಗೆಯದೆ. "ತಿರುಗ್ಸು, ವಿಡಿಯೊ ಓಡ್ತಾ ಅದೆ."

"ತಿರುಗ್ಸುದಿಲ್ಲ! ಆ ಪೈಪು ಬಿಚ್ಚಿ! ಒಳಗೆ ಅಕ್ಷತೆ ಅದೆ!"

ಆ ದನಿ ಎಲ್ಲಿಂದ ಬಂತೋ. ಒಂದು ಕಿವಿ ಮಂದವಾದ ಅತ್ತೆ ಕುರ್ಚಿಯಿಂದ ಎದ್ದು ನಿಂತರು. ತೆಂಗಿನ ಗರಿಯ ಮೇಲಿದ್ದ ಕಾಗೆ ಹಾರಿತು. ಮೆಕ್ಯಾನಿಕ್ ಬಾನೆಟ್ಟಿನ ಬದಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದರು, ಆಮೇಲೆ ನಿಧಾನವಾಗಿ ನಮ್ಮವರನ್ನು.

"ಸರ್, ಬಟ್ಟೆ ತೆಗ್ದಿದ್ರಾ?"

"ಪೂಜೆಗೆ ಅಂತ... ಒಂದು ಸೆಕೆಂಡು."

"ಒಂದು ಸೆಕೆಂಡಲ್ಲಿ ಇದು ಸಾವಿರ ಸುತ್ತು ತಿರುಗ್ತದೆ ಸರ್. ಎಣ್ಣೆ ಮೇಲೆ ತೇಲ್ತಾ ತಿರುಗುದು. ಎಣ್ಣೆದಾರಿಗೆ ಅಕ್ಕಿ ಅಡ್ಡ ನಿಂತ್ರೆ ಒಣಗಿ ಕಚ್ಕಂಡು, ನೀವು ಇಲ್ಲೇ ಪಕ್ಕದ ಊರು ಕರ್ಕಿ ಮುಟ್ಟುದ್ರೊಳಗೆ ಚೂರು ಚೂರು."

ನಮ್ಮವರು ಸೋಲುವವರಲ್ಲ. "ಹಾಗೇನಾದ್ರೂ ಆದ್ರೆ ಮೀಟರಲ್ಲಿ ಗೊತ್ತಾಗ್ತದಲ್ಲ. ಅದ್ಕೇ ಹಾಕ್ಸಿದ್ದು."

"ಮೀಟರ್ ಹೊಗೆದು ಹೇಳ್ತದೆ ಸರ್. ಅಕ್ಕಿದು ಅಕ್ಕ ಹೇಳ್ಬೇಕು."

ಪೈಪು ಬಿಚ್ಚಿ ಟಾರ್ಚು ಬಿಟ್ಟು ನೋಡಿದರು. ಏನೂ ಕಾಣಲಿಲ್ಲ. ನಮ್ಮವರ ಮುಖ ಅರಳಿತು. ಕಾಳು ಸಿಗದೇ ಹೋದರೆ ನನಗೆ ಅನುಮಾನದ ಹೆಂಗಸು ಎಂದು ಒಂದು ಹೆಸರು, ಅದರ ಹಿಂದೆಯೇ "ಇಷ್ಟು ಗಾಬರಿಯವಳಿಗೆ ಹೆದ್ದಾರಿ ಹೇಗೆ" ಎಂಬ ಹೊಸ ಕಾರಣ. ನನಗೆ ಅದರ ಪದಪದವೂ ಮೊದಲೇ ಕೇಳಿಸುತ್ತಿತ್ತು. ಆದರೆ ಮೆಕ್ಯಾನಿಕ್ ಟಾರ್ಚು ಆರಿಸಿ, "ಇಡೀ ಇಳಿಸಿ ನೋಡ್ವಾ" ಎಂದರು. ಬೆಳಿಗ್ಗೆ ಮಾಡಿದ್ದೆಲ್ಲ ಮತ್ತೆ. ಮುಕ್ಕಾಲು ಗಂಟೆ ಹಿಡಿಯಿತು. ನಾನು ಕೀಲಿ ಬಿಡದೆ ಅಲ್ಲೇ ಕೂತಿದ್ದೆ.

ಟರ್ಬೊವನ್ನು ನನ್ನ ಕಸೂತಿಯ ಮೇಲೆ ಮಗುಚಿ ಹಿಡಿದಾಗ ಎಣ್ಣೆ ಸುರಿಯಿತು. ಎಣ್ಣೆಯ ಜೊತೆ ಒಂದು ಕಾಳು ಬಂತು. ಹಳದಿ ಹೋಗಿ ಕಂದಾಗಿತ್ತು. ಇನ್ನೊಂದು ಒಳಗೆ, ತೂತು ಸಣ್ಣದಾಗುವಲ್ಲಿ, ಅಡ್ಡಲಾಗಿ ಸಿಕ್ಕಿಕೊಂಡಿತ್ತು. ತಂತಿ ಹಾಕಿದರೆ ಇನ್ನೂ ಒಳಕ್ಕೆ ಹೋಗುವ ಭಯ. ಮೆಕ್ಯಾನಿಕ್ ಎರಡು ಸಲ ಪ್ರಯತ್ನಿಸಿ ಉರ್ದುವಿಗೆ ಇಳಿದರು. ನಾನು ಒಳಗೆ ಹೋಗಿ ಹೊಲಿಗೆ ಡಬ್ಬಿಯಿಂದ ಎಲ್ಲಕ್ಕಿಂತ ಸಪೂರದ ಕ್ರೋಶಾ ಕಡ್ಡಿ ತಂದೆ. ಕೊಕ್ಕೆ ಕಾಳಿನ ಪಕ್ಕದಿಂದ ಇಳಿಸಿ, ತಿರುಗಿಸಿ, ಮೇಲಕ್ಕೆಳೆದೆ. ಬಂತು.

ಅತ್ತೆ ಹತ್ತಿರ ಬಂದು ಎರಡೂ ಕಾಳನ್ನು ಅಂಗೈಯಲ್ಲಿಟ್ಟು ನೋಡಿದರು. "ದೇವರ ದಯೆ, ಎರಡೇ ಹೋದದ್ದು," ಎಂದು ಕಣ್ಣಿಗೊತ್ತಿಕೊಂಡರು.

ನಮ್ಮವರು ಆ ಹೊತ್ತಿಗೆ ಬಾವಿಯ ಹತ್ತಿರ ನಿಂತು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು: "ಹೌದು, ಹೌದು. ಸ್ಟಾರ್ಟ್ ಮಾಡುದ್ರೊಳಗೆ ಇನ್ನೊಂದ್ಸಲ ಪರೀಕ್ಷೆ ಮಾಡ್ವಾ ಅಂತ ನಾವು ತೀರ್ಮಾನ ಮಾಡಿದ್ವು. ಎಣ್ಣೆದಾರೀಲಿ ಒಂದು ಅಡಚಣೆ ಸಿಕ್ತು." ಅಡಚಣೆಯನ್ನು ಹಾಕಿದ ಅವರ ತಾಯಿ ಅದನ್ನು ದೇವರ ಗೂಡಿಗೆ ಒಯ್ಯುತ್ತಿದ್ದರು.

ನಾಲ್ಕು ಗಂಟೆ ದಾಟಿದ ಮೇಲೆ, ಮತ್ತೆ ಎಲ್ಲ ಜೋಡಿಸಿ, ಮತ್ತೆ ಎಣ್ಣೆ ಕುಡಿಸಿ, ನಾನೇ ಕೀಲಿ ತಿರುಗಿಸಿದೆ. ಒಂದಿಷ್ಟು ನೀಲಿ ಹೊಗೆ ಬಂದು ತಿಳಿಯಾಯಿತು. ಸೀಟಿ ನಿಂತಿತ್ತು. ಕುಂಕುಮದಂಚಿನ ಮೀಟರಿನಲ್ಲಿ ಅಂಕಿ ಮೂಡಿತು. ಎಂಬತ್ತು, ನೂರಿಪ್ಪತ್ತು, ನೂರ ಎಪ್ಪತ್ತು. ಗಂಡಸರಿಬ್ಬರೂ ಅದರ ಮುಂದೆ, ಹೆರಿಗೆ ಕೋಣೆಯ ಕಿಟಕಿಯಲ್ಲಿ ನಿಂತವರಂತೆ ಬಾಯಿತೆರೆದು ನಿಂತರು.

"ನಿಂತಲ್ಲಿ ನೋಡಿದ್ರೆ ಪ್ರಯೋಜನ ಇಲ್ಲ ಸರ್. ಕತಗಾಲದವರೆಗೆ ಹೋಗಿ, ಅಲ್ಲಿ ಏರು ಶುರುವಾಗುವಲ್ಲಿ ಸ್ವಲ್ಪ ಹತ್ತಿಸಿ ನೋಡ್ವಾ," ಎಂದರು ಮೆಕ್ಯಾನಿಕ್. "ನಾನು ಟರ್ಬೊ ಶಬ್ದ ಕೇಳ್ಬೇಕು."

"ನಾನು ಅಂಕಿ ಬರ್ಕಣ್ಬೇಕು," ಎಂದರು ನಮ್ಮವರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಗಾಡಿ ಬಿಡಲು ಇಬ್ಬರಿಗೂ ಮನಸ್ಸಿಲ್ಲ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು: "ಕೀಲಿ ಹೇಗೂ ಅಕ್ಕನ ಕೈಲೇ ಅದೆ."

"ಲೈಸನ್ಸೂ ಅದೆ," ಎಂದೆ. ಕೈ ಎತ್ತಲಿಲ್ಲ.

ಅತ್ತೆಯನ್ನು ಕರೆದೆವು. "ಇವಳು ಬಿಡ್ತಾಳೆ ಅಂದ್ರೆ ನಾನು ಮನೇಲೇ ದೀಪ ಹಚ್ಚಿ ಕೂತ್ಕಣ್ತೆ," ಎಂದರು. ನಮ್ಮವರು ಪಕ್ಕದ ಸೀಟಿನಲ್ಲಿ ದಿನಚರಿ ಬಿಡಿಸಿ ಕೂತರು. ಮೆಕ್ಯಾನಿಕ್ ಹಿಂದಿನಿಂದ ಎರಡು ಸೀಟಿನ ನಡುವೆ ತಲೆ ತೂರಿಸಿದರು. ಕೆರೆಯ ತಿರುವು ಬಂತು. ನಾನು ಯಾವಾಗಲೂ ನಿಲ್ಲಿಸುವ ಜಾಗ. ನಮ್ಮವರು "ಇನ್ನೂರ ಹತ್ತು" ಎಂದು ಬರೆದರು. ನಾನು ಗೇರು ಬದಲಿಸಿ ಹೆದ್ದಾರಿಗೆ ಏರಿಸಿದೆ.

ಕರ್ಕಿ ಹೋಯಿತು, ಹಳದೀಪುರ ಹೋಯಿತು. ಲಾರಿ ಬಂದವು, ಹೋದವು; ಅವುಗಳ ಹಿಂದಿನ ಬಣ್ಣದ ನವಿಲುಗಳನ್ನು ನಾನೊಬ್ಬಳೇ ನೋಡಿದೆ. ಗಂಡಸರಿಬ್ಬರ ಹಣೆ ಮೀಟರಿಗೆ ತಾಗುವಂತಿತ್ತು. ಎರಡು ವರ್ಷ ಬಾಗಿಲ ಮೇಲಿನ ಹಿಡಿಕೆಗೆ ಜೋತುಬಿದ್ದಿದ್ದ ಕೈ ಈಗ ಪೆನ್ನು ಹಿಡಿದಿತ್ತು. ಕುಮಟೆಯ ಹತ್ತಿರ ರಸ್ತೆಬದಿಯಲ್ಲಿ ಸಿಹಿ ಈರುಳ್ಳಿಯ ಜಡೆಗಳನ್ನು ಕೋಲಿಗೆ ಇಳಿಬಿಟ್ಟು ಹೆಂಗಸರು ಕೂತಿದ್ದರು. ಒಬ್ಬಳು ನನ್ನನ್ನು ನೋಡಿ ಜಡೆಯೊಂದನ್ನು ಎತ್ತಿ ಆಡಿಸಿದಳು, ಬಸ್ಸಿನ ಕಿಟಕಿಯವರಿಗೆ ಆಡಿಸುವಂತಲ್ಲ, ನಿಲ್ಲಿಸಬಲ್ಲವರಿಗೆ ಆಡಿಸುವಂತೆ. ಅಕ್ಕನ ಮನೆಯ ಓಣಿ ಬಂದಾಗ ಒಂದು ಹಾರ್ನು ಹೊಡೆದೆ.

"ಎಂತಕ್ಕೆ ಹೊಡೆದದ್ದು?" ಎಂದರು ನಮ್ಮವರು.

"ಸುಮ್ನೆ."

"ಮುನ್ನೂರ ತೊಂಬತ್ತು," ಎಂದು ಬರೆದುಕೊಂಡರು. ಕುಮಟೆ ಹಿಂದೆ ಬಿದ್ದದ್ದು ಅವರಿಗೆ ತಿಳಿದಿರಲಿಕ್ಕಿಲ್ಲ.

ಶಿರಸಿ ರಸ್ತೆಗೆ ತಿರುಗಿ ಕತಗಾಲ ದಾಟಿದ ಮೇಲೆ ಏರು ಸಿಕ್ಕಿತು. ಇಂಜಿನ್ನಿನ ದನಿ ದಪ್ಪವಾಯಿತು. ನಮ್ಮವರು ಸೀಟಿನ ತುದಿಗೆ ಬಂದರು. "ಒತ್ತು, ಇನ್ನೂ ಸ್ವಲ್ಪ ಒತ್ತು ಮಾರಾಯ್ತಿ! ಆರ್ನೂರು ಬರ್ತದಾ ನೋಡ್ವಾ!" ನಿಧಾನ, ನಿಧಾನ ಎಂಬ ಮಾತು ಬಿಟ್ಟು ಆ ಬಾಯಿಂದ ನನ್ನ ಚಾಲನೆಗೆ ಬಂದ ಮೊದಲ ಮಾತು ಅದು. ಒತ್ತಿದೆ. ಆರುನೂರ ಹತ್ತು ಬಂತು. ಅವರು ತೊಡೆ ತಟ್ಟಿ ಸಂಭ್ರಮಿಸಿದರು. ಹೊಗೆ ಅಷ್ಟು ಬಿಸಿಯಾಗುವಂತೆ ಒತ್ತಿದ ಕಾಲು ಯಾರದ್ದು ಎಂಬುದಕ್ಕೆ ದಿನಚರಿಯಲ್ಲಿ ಕಾಲಂ ಇಲ್ಲ.

ಅಲ್ಲೇ ತಿರುಗಿಸಿಕೊಂಡು ಬಂದೆವು. ಹೊತ್ತು ಮುಳುಗುವ ಮುಂಚೆ ನಮ್ಮ ಅಂಗಳಕ್ಕೆ ಬಂದು ಮುಟ್ಟಿದಾಗ, ಮೆಕ್ಯಾನಿಕ್ ಇಂಜಿನ್ನನ್ನು ಕೂಡಲೇ ಆರಿಸಬಾರದು, ಎರಡು ನಿಮಿಷ ಹಾಗೇ ಬಿಡಿ, ಟರ್ಬೊ ತಣಿಯಲಿ ಎಂದರು. ಅವರಿಬ್ಬರೂ ಇಳಿದು ಮೀಟರಿನ ಅಂಕಿ ಇಳಿಯುವುದನ್ನು ಹೊರಗಿನಿಂದ ಬಗ್ಗಿ ನೋಡುತ್ತಿದ್ದರು. ನಾನು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದೆ. ನಾಳೆ ಸೋಮವಾರ, ಮಾರನೇ ದಿನ. ಅಕ್ಕನಿಗೆ ಎಷ್ಟು ಗಂಟೆಗೆ ಬರುತ್ತೇನೆಂದು ಹೇಳಲಿ ಎಂದು ಯೋಚಿಸುತ್ತಿದ್ದೆ.

ಪಕ್ಕದ ಮನೆಯ ಕೊಂಕಣಿ ಬಾಯಿ ಕಂಪೌಂಡಿನ ಆಚೆ, ಚಾಪೆಯ ಮೇಲೆ ಒಣಗಲು ಹಾಕಿದ್ದ ಮುರುಗಲ ಹಣ್ಣಿನ ಸಿಪ್ಪೆಯನ್ನು ಮೊರಕ್ಕೆ ತುಂಬುತ್ತಿದ್ದರು. ನಾನು ಗಾಡಿ ಒಳಗೆ ತಂದದ್ದನ್ನು ನೋಡಿದ್ದರು. ಮೊರ ಕೊಡವಿ, ಒಂದು ಹುಳುಕು ಸಿಪ್ಪೆ ಆರಿಸಿ ಆಚೆ ಎಸೆದು, ತಲೆ ಎತ್ತದೆಯೇ ಕೇಳಿದರು:

"ಎಂತ ಬಾಯಿ, ಮಾಸ್ತರ್ರಿಗೆ ಮೈಯಲ್ಲಿ ಹುಷಾರಿಲ್ವಾ? ನೀವೇ ಗಾಡಿ ಬಿಟ್ಕಂಡು ಬಂದ್ರಲ್ಲ."